ರಸ್ತೆ ಆಗ್ತಡ

ರಾತ್ರಿ ಹನ್ನೊಂದೂವರೆಗೆ ಯಾರೋ ಬಾಗಿಲು ಬಡಿದರು. ನಮ್ಮ ಕಡೆ ಅಷ್ಟು ಹೊತ್ತಿಗೆ ಬಾಗಿಲು ಬಡಿದರೆ ಒಂದೋ ಊರಲ್ಲಿ ಯಾರೋ ಹೋದರು, ಇಲ್ಲಾ ತೋಟಕ್ಕೆ ದನ ನುಗ್ಗಿತು ಅಂತಲೇ ಲೆಕ್ಕ. ಹೆದರುತ್ತಲೇ ತೆಗೆದೆ. ಅಂಗಳದ ತುದಿಯಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ನಿಂತಿದ್ದ.

"ಸರ್, ಕುಮಟಾಕ್ಕೆ ಇದೇ ದಾರಿನಾ?"

ಅವನ ಬೆನ್ನ ಹಿಂದೆ ಲಾರಿ. ನಮ್ಮ ಅಂಗಳದ ಬಾಗಿಲಿನ ದಣಪೆಗೆ ಮೂತಿ ತಾಗಿಸಿ, ಹಿಂದಿನ ಚಕ್ರ ಚರಂಡಿಗೆ ಇಳಿಸಿ, ಎರಡೂ ದೀಪ ಉರಿಸಿಕೊಂಡು ನಿಂತಿತ್ತು. ಕೊಟ್ಟಿಗೆಯಲ್ಲಿ ದನಗಳೆಲ್ಲ ಎದ್ದು ನಿಂತಿದ್ದವು. ಬೆಳಗಾಯಿತು ಅಂದುಕೊಂಡಿರಬೇಕು ಪಾಪ.

"ಇದೇ ದಾರಿ. ಆದರೆ ನಿಮ್ಮ ಲಾರಿಗಲ್ಲ" ಅಂದೆ.

ಮ್ಯಾಪಿನ ಹೆಂಗಸು ಹೇಳಿದಳಂತೆ, ಇವನು ಬಂದನಂತೆ. ಆ ಹೆಂಗಸಿಗೆ ನಮ್ಮ ತಿರುವಿನ ಅಗಲ ಗೊತ್ತಿಲ್ಲ. ಆಚೆಮನೆಯವರನ್ನು ಎಬ್ಬಿಸಿ, ಬ್ಯಾಟರಿ ಹಿಡಿದು, "ಬರ್ಲಿ ಬರ್ಲಿ, ಸಾಕು ಸಾಕು" ಎನ್ನುತ್ತಾ ಆ ಲಾರಿಯನ್ನು ಹಿಂದೆ ತೆಗೆಸಲು ಒಂದು ತಾಸು ಹಿಡಿಯಿತು. ನಲವತ್ತು ವರ್ಷ ಕೃಷಿ ಮಾಡಿದ ನಾನು ಒಂದೇ ತಿಂಗಳಲ್ಲಿ ಸಂಚಾರಿ ಪೊಲೀಸ್ ಆಗಿದ್ದೇನೆ. ಸೀಟಿ ಒಂದು ಕೊಟ್ಟಿಲ್ಲ, ಅಷ್ಟೇ.

ಸಂಗತಿ ಇಷ್ಟು, ರಸ್ತೆ ಬಂದ್ ಇದ್ದ ದಿನಗಳಲ್ಲೇ ಬರೆದದ್ದು ಇದು. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ. ಶಿರಸಿ-ಕುಮಟಾ ರಸ್ತೆ 2024ರ ಡಿಸೆಂಬರ್ 2ರಿಂದ 2025ರ ಫೆಬ್ರವರಿ 25ರವರೆಗೆ ಬಂದ್ ಅಂತ ಆದೇಶ ಆಗಿತ್ತು. ಅದೇನು 25? ತಿಂಗಳು ತುಂಬುವುದಕ್ಕೆ ಮೂರು ದಿನ ಮೊದಲೇ ಮುಗಿಯುತ್ತದೆ ಅಂತ ಯಾರು ಲೆಕ್ಕ ಹಾಕಿದರೋ, ಅವರ ಕೈಯಲ್ಲಿ ನಮ್ಮ ಮನೆಯ ಮುಹೂರ್ತವನ್ನೂ ಇಡಿಸಬೇಕು ಅನಿಸಿತು. ದೊಡ್ಡ ವಾಹನಗಳು ಯಲ್ಲಾಪುರ ಸುತ್ತಿ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಹೋಗಲಿ, ಇಲ್ಲವಾದರೆ ಸಿದ್ದಾಪುರ, ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಇಳಿಯಲಿ. ಸಣ್ಣ ವಾಹನಗಳು ಸಿದ್ದಾಪುರದಿಂದ ದೊಡ್ಮನೆ ಘಟ್ಟದ ಮೇಲೆ ಕುಮಟಾಕ್ಕೆ. ಅಂದರೆ ನಮ್ಮ ಮನೆ ಎದುರಿಗೆ. 60 ಕಿಲೋಮೀಟರಿನ ದಾರಿಗೆ ಅಂಕೋಲಾ ಸುತ್ತಿದರೆ ಹತ್ತಿರ ಹತ್ತಿರ 150 ಆಗುತ್ತದೆ. ಶಿರಸಿ ಪೇಟೆಗೆ ಬರುವ ಬಂಗಡೆ ಕೂಡ ಈಗ ತಾಲೂಕು ತಾಲೂಕು ನೋಡಿಕೊಂಡೇ ಬರುತ್ತದೆ. ಬದುಕಿದ್ದಾಗ ಕಂಡಿದ್ದಕ್ಕಿಂತ ಜಾಸ್ತಿ ಲೋಕ ಸತ್ತ ಮೇಲೆ ಕಂಡಿತು.

ಇನ್ನು ನಮ್ಮ ರಸ್ತೆ. ಎದುರಿಗೆ ಒಂದು ಬಸ್ಸು ಬಂದರೆ ಕಾರಿನವನು ಅರ್ಧ ಫರ್ಲಾಂಗು ಹಿಂದೆ ಹೋಗಿ ಯಾರದೋ ಅಂಗಳ ಹುಡುಕಬೇಕು. ಈಗ ಅದಕ್ಕೆ "ಬದಲಿ ಮಾರ್ಗ" ಅಂತ ಬಡ್ತಿ ಸಿಕ್ಕಿದೆ. ಬಡ್ತಿಯ ಜೊತೆ ಸಂಬಳ ಏನೂ ಬರಲಿಲ್ಲ. ಒಂದು ಬುಟ್ಟಿ ಡಾಂಬರೂ ಬರಲಿಲ್ಲ. ಧೂಳು ಮಾತ್ರ ಬಂತು. ನಮ್ಮದು ಕೊಯ್ಲಿನ ಹಂಗಾಮು. ಅಟ್ಟದ ಮೇಲೆ, ಅಂಗಳದಲ್ಲಿ ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ, ಹಾಕಿದ್ದೆವು. ಹದಿನೈದು ದಿನ ಕಳೆದು ನೋಡಿದರೆ ಬೇಯಿಸದೆ, ಸುಲಿಯದೆ, ತೊಗರಿನ ಬಣ್ಣ ಹಾಕದೆ ಎಲ್ಲ ಕೆಂಪಡಿಕೆ! ಇಂಥ ತಂತ್ರಜ್ಞಾನ ಯಾವ ಅಡಿಕೆ ಸಂಶೋಧನಾ ಕೇಂದ್ರದಲ್ಲೂ ಇಲ್ಲ. ವ್ಯಾಪಾರಿಗೆ ತೋರಿಸಿದೆ. ಅವನು ಒಂದು ಅಡಿಕೆ ಎತ್ತಿ ಊದಿದ. ಮತ್ತೆ ಚಾಲಿಯಾಯಿತು. ಮೊದಲಿಗಿಂತ ಕಡಿಮೆ ದರದ ಚಾಲಿ.

"ಸಾರ್ವಜನಿಕರು ಸಹಕರಿಸಬೇಕು" ಅಂತ ಇಂಥ ಆದೇಶಗಳ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ. ನನಗೆ ಅದು ಬಹಳ ಇಷ್ಟದ ಸಾಲು. ಸಹಕರಿಸುವುದು ಅಂದರೆ ಏನು ಮಾಡುವುದು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾವು ನಮಗೆ ತಿಳಿದ ಹಾಗೆ ಸಹಕರಿಸುತ್ತಿದ್ದೇವೆ. ಮಕ್ಕಳು ಶಾಲೆಗೆ ರಸ್ತೆ ಬಿಟ್ಟು ಗದ್ದೆ ಬದುವಿನ ಮೇಲೆ ಹೋಗುತ್ತಾರೆ. ನಮ್ಮ ನಾಯಿ ಮೊದಲ ವಾರ ಪ್ರತಿ ಕಾರಿಗೂ ಬೊಗಳಿತು, ಎರಡನೇ ವಾರ ಆಯ್ದ ಕಾರುಗಳಿಗೆ, ಈಗ ಅದೂ ಸಹಕರಿಸುತ್ತಿದೆ.

ಯಾವಾಗ ಮುಗಿಯುತ್ತದೆ? ಇಲ್ಲಿ ನಮ್ಮ ಹವ್ಯಕರ ಮನೆಮಾತು ಹವಿಗನ್ನಡದ ಒಂದು ಅನುಕೂಲ ಹೇಳಬೇಕು. ನಮ್ಮಲ್ಲಿ ಮಾತಿನ ಕೊನೆಗೆ ಒಂದು "ಅಡ" ಸೇರಿಸುತ್ತೇವೆ. ನೀವು "ಅಂತೆ" ಅನ್ನುತ್ತೀರಲ್ಲ, ಅದು. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು, ಸುಳ್ಳಾದರೆ ನನ್ನನ್ನು ಕೇಳಬೇಡಿ ಅನ್ನುವುದೆಲ್ಲ ಎರಡೇ ಅಕ್ಷರದೊಳಗೆ ಕೂತಿದೆ. ಈ ರಸ್ತೆಯ ಬಗ್ಗೆ ಇಷ್ಟು ವರ್ಷಗಳಲ್ಲಿ "ಅಡ" ಇಲ್ಲದ ವಾಕ್ಯ ನಾನು ಕೇಳಿದ್ದೇ ಇಲ್ಲ. ರಸ್ತೆ ಅಗಲ ಆಗ್ತಡ. ಮುಂದಿನ ತಿಂಗಳು ಬಂದ್ ಆಗ್ತಡ. ಈ ಸಲ ಇಲ್ಲೆಯಡ. ಸೇತುವೆ ಮುಗೀತಡ. ಒಂದು ಬದಿ ಬಿಡ್ತಡ. ಎಲ್ಲವೂ ಅಡ. ಬಂದ್ ಆದದ್ದು ಒಂದೇ ಅಡ ಇಲ್ಲದೆ ಆದದ್ದು.

ನನ್ನ ಅಮ್ಮನಿಗೆ ಎಂಬತ್ತು ದಾಟಿದೆ. ಅವಳ ಪ್ರಕಾರ ಶಿರಸಿಯಿಂದ ಕುಮಟಾಕ್ಕೆ ಸರಿಯಾಗಿ ಹೋಗುವುದು ಗೊತ್ತಿರುವುದು ಅಘನಾಶಿನಿ ಹೊಳೆಗೆ ಮಾತ್ರ. ಮಾತು ಸುಳ್ಳಲ್ಲ. ಶಿರಸಿ ಪೇಟೆಯ ಶಂಕರ ಹೊಂಡದಲ್ಲಿ ಹುಟ್ಟುತ್ತದೆ. ನೆಟ್ಟಗೆ ಇಳಿಯಬಹುದಿತ್ತು, ಇಳಿಯಲಿಲ್ಲ. ಸಿದ್ದಾಪುರದ ಕಡೆ ಸುತ್ತಿ, ಉಂಚಳ್ಳಿಯಲ್ಲಿ 116 ಮೀಟರ್ ಒಮ್ಮೆಗೇ ಹಾರಿ, ಕಣಿವೆಯಲ್ಲಿ ಹೊರಳಿ, ಕೊನೆಗೆ ಕುಮಟಾದ ಹತ್ತಿರ ಸಮುದ್ರ ಸೇರುತ್ತದೆ. ಅಂದರೆ ಬದಲಿ ಮಾರ್ಗವನ್ನು ಮೊದಲು ಕಂಡುಹಿಡಿದದ್ದು ನಮ್ಮ ಹೊಳೆ! ಯಾವ ಆದೇಶಕ್ಕೂ ಕಾಯದೆ ಹರಿದುಬಿಟ್ಟಿತು. ಅದಕ್ಕೆ ಒಂದು ಅಣೆಕಟ್ಟೂ ಇಲ್ಲ. ಹೀಗೆ ಹೇಳಿದರೂ ಭಯ. ಯಾರಾದರೂ ಓದಿ, ಹೌದಲ್ಲ, ಬಿಟ್ಟೇ ಹೋಗಿದೆ ಅಂದುಕೊಂಡರೆ ಕಷ್ಟ.

ಹೊಳೆಯ ಮಾತು ಬಂತು, ಯಾಣದ ಮಾತೂ ಬರಲಿ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ಗಾದೆ. ಆಗ ಯಾಣಕ್ಕೆ ಕಾಡಿನ ದಾರಿ, ಗೋಕರ್ಣಕ್ಕೆ ಭಟ್ಟರ ದಕ್ಷಿಣೆ. ಈಗ ಯಾಣಕ್ಕೆ ಕಾರು ಹೋಗುತ್ತದೆ. ಸೊಕ್ಕೂ ರೊಕ್ಕವೂ ಎರಡೂ ಬೇಕಾಗಿರುವುದು ಕುಮಟಾದ ನೆಂಟರ ಮನೆಗೆ. ಮೊನ್ನೆ ಅಲ್ಲೊಂದು ಉಪನಯನ ಇತ್ತು. ಕರೆಯೋಲೆಯ ಹಿಂದೆ "ಉಡುಗೊರೆಗೆ ಕ್ಷಮೆ ಇರಲಿ" ಅನ್ನುವ ಜಾಗದಲ್ಲಿ ಬರುವ ದಾರಿ ಅಚ್ಚು ಹಾಕಿಸಿದ್ದರು. ನಾವು ನಸುಕಿಗೇ ಹೊರಟೆವು. ಸಾಲುಗಟ್ಟಿ ನಿಂತು, ಹಿಂದೆ ಹೋಗಿ, ಮುಂದೆ ಹೋಗಿ, ತಲುಪುವಾಗ ವಟು ಊಟ ಮುಗಿಸಿ ಮೊಬೈಲ್ ನೋಡುತ್ತಿದ್ದ. ಅವನ ಅಕ್ಷತೆಯನ್ನು ಕವರಿನಲ್ಲಿ ಹಾಕಿಟ್ಟಿದ್ದರು, ನಮ್ಮ ತಲೆಗೆ ನಾವೇ ಹಾಕಿಕೊಂಡೆವು.

ನಗುವುದು ಇಷ್ಟೇ. ರಸ್ತೆ ಬೇಡ ಅಂದವರು ಇಲ್ಲಿ ಯಾರೂ ಇಲ್ಲ. ಹೊಂಡ ಲೆಕ್ಕ ಮಾಡುತ್ತಾ ಘಟ್ಟ ಇಳಿದವರು ನಾವು. ಆದರೆ ಪತ್ರಿಕೆಯಲ್ಲಿ ಮಳೆಗಾಲ ಬಂದಾಗಲೆಲ್ಲ ಒಂದು ತಲೆಬರಹ ಇರುತ್ತದಲ್ಲ, "ಗುಡ್ಡ ಕುಸಿದು ಸಂಚಾರ ಸ್ಥಗಿತ", ಅದನ್ನು ಓದಿದರೆ ನನಗೆ ಮೈ ಉರಿಯುತ್ತದೆ. ಗುಡ್ಡ ಕುಸಿಯಿತಂತೆ. ಕುಡಿದು ಬಿದ್ದವನ ಹಾಗೆ, ತಪ್ಪೆಲ್ಲ ಅದರದ್ದೇ. ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದವರು ಯಾರು? ಆ ವಾಕ್ಯದಲ್ಲಿ ಅವರಿಗೆ ಜಾಗವೇ ಇಲ್ಲ. ಮಣ್ಣು ಜಾರುತ್ತದೆ, ಮರ ಬೀಳುತ್ತದೆ, ಮಳೆ ಸುರಿಯುತ್ತದೆ, ಮನುಷ್ಯ ಮಾತ್ರ ಏನೂ ಮಾಡುವುದಿಲ್ಲ.

2024ರ ಜುಲೈ 16. ಅಂಕೋಲಾದ ಶಿರೂರು. ಹೆದ್ದಾರಿ ಬದಿಯಲ್ಲಿ ಒಂದು ಚಹಾದ ಅಂಗಡಿ ಇತ್ತು. ಮೇಲೆ ಗುಡ್ಡ, ಕೆಳಗೆ ಗಂಗಾವಳಿ ಹೊಳೆ. ಗುಡ್ಡ ಬಂದು ಬಿತ್ತು. ಅಂಗಡಿಯ ಮನೆಯವರು ಹೋದರು, ಚಹಾ ಕುಡಿಯಲು ನಿಂತವರು ಹೋದರು, ಹೊಳೆಗೆ ಬಿದ್ದ ಒಂದು ಲಾರಿಯನ್ನು ಎತ್ತಲು ಎರಡು ತಿಂಗಳ ಮೇಲಾಯಿತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಅಲ್ಲೂ ಒಂದು ಲಾರಿ. ಅದರ ಚಾಲಕ ಬದುಕಿದ. ಸೇತುವೆಯೂ ತಾನೇ ಬಿತ್ತು, ಬಿಡಿ.

ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ನಮ್ಮ ಹುಡುಗರು ಮೊಬೈಲಿನಲ್ಲೇ ಅಭಿಯಾನ ಮಾಡಿದ್ದರು. ಇವತ್ತಿಗೂ ನಮಗೆ ಮಣಿಪಾಲ, ಇಲ್ಲಾ ಹುಬ್ಬಳ್ಳಿ. ಜೋರು ಕಾಯಿಲೆ ಬಿದ್ದವನು ಒಂದು ಘಟ್ಟ ಹತ್ತಬೇಕು, ಇಲ್ಲಾ ಇಳಿಯಬೇಕು. ಹೋದ ವಾರ ಸಂಜೆ ನಮ್ಮ ತಿರುವಿನಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡಿತ್ತು. ಮುಂದೆ ಬಸ್ಸು, ಹಿಂದೆ ಆರು ಕಾರು. ನಾನು, ಆಚೆಮನೆಯವರು ಓಡಿದೆವು. ಬಸ್ಸನ್ನು ನಮ್ಮ ಅಂಗಳಕ್ಕೇ ಹತ್ತಿಸಿದೆವು, ಅಡಿಕೆಯ ಮೇಲೆಯೇ. ಹತ್ತು ನಿಮಿಷ ಆಯಿತು. ಒಳಗಿದ್ದವರು ಯಾರು, ಉಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಆ ಹತ್ತು ನಿಮಿಷ ಯಾವ ಆದೇಶದಲ್ಲಿ ಬರೆದಿತ್ತು? ಕೇಳಿದರೆ ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ಅನ್ನಲಿ.

ಇದನ್ನು ಬರೆಯುತ್ತಿರುವಾಗಲೇ ಮತ್ತೊಂದು ಕಾರು ನಿಂತಿತು. ಬೆಂಗಳೂರಿನ ನಂಬರು, ಹಿಂದಿನ ಸೀಟಿನಲ್ಲಿ ಮಕ್ಕಳು ವಾಂತಿ ಮಾಡಿ ಸುಸ್ತಾಗಿದ್ದವು. ಜಗಲಿಯಲ್ಲಿ ಕೂತಿದ್ದ ಅಮ್ಮನನ್ನು ಕೇಳಿದರು, "ಅಜ್ಜಿ, ಕುಮಟಾಕ್ಕೆ ಇದೇ ದಾರಿನಾ?"

ಅಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಹೌದಡ" ಅಂದಳು.