ಅಡ್ವಾನ್ಸ್ ವಾಪಸ್ ಬರಲ್ವಂತೆ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯುವ ಲಕ್ಷಣ ಕಾಣಲಿಲ್ಲ.

ಇಲ್ಲಿ ಕೆನಡಾದಲ್ಲಿ, ನಮ್ಮ ಒಟ್ಟಾವಾದ ಕನ್ನಡದ ಹುಡುಗ ಹುಡುಗಿಯರು, ಹೆಚ್ಚಿನವರು ಸೆಪ್ಟೆಂಬರ್‌ನಲ್ಲಷ್ಟೇ ಓದಲು ಬಂದವರು, ಇವತ್ತು ಎರಡು ಬಾಡಿಗೆ ವ್ಯಾನ್ ಮಾಡಿಕೊಂಡು ಪಕ್ಕದ ಕ್ವಿಬೆಕ್ ಪ್ರಾಂತ್ಯದ ಹಿಮದ ಬೆಟ್ಟ ಮಾಂಟ್ ಟ್ರೆಂಬ್ಲಾಂಟ್‌ಗೆ ಹೊರಟರು. ಫ್ರೀಜಿಂಗ್ ರೇನ್, ಅಂದರೆ ನೆಲ ಮುಟ್ಟಿದ ಕೂಡಲೇ ಮಂಜುಗಡ್ಡೆಯಾಗುವ ಮಳೆ, ಅದರ ಎಚ್ಚರಿಕೆ ಬೆಳಿಗ್ಗೆಯೇ ಬಂದಿತ್ತು. ಗ್ರೂಪಿನಲ್ಲಿ ಹಾಕಿದೆ. ಬಂದ ಉತ್ತರ: 'ಅಕ್ಕಾ, ಹೋಟೆಲ್ ಅಡ್ವಾನ್ಸ್ ವಾಪಸ್ ಬರಲ್ಲ.' ಜೊತೆಗೊಂದು ನಗುವ ಎಮೋಜಿ.

300 ಡಾಲರ್. 14 ಜನ. ತಲೆಗೆ 22 ಡಾಲರ್ ಕೂಡ ಆಗಲ್ಲ.

ಚಪಾತಿ ಡಬ್ಬ ಕೊಡುವ ನೆಪದಲ್ಲಿ ಹೋಗಿ, ಮೊಬೈಲ್ ಟಾರ್ಚ್ ಹಾಕಿ ಟೈರ್ ನೋಡಿದೆ. ಚಳಿಗಾಲದ ಟೈರ್ ಆದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಇದರಲ್ಲಿ ಬರೀ ಎಂ ಪ್ಲಸ್ ಎಸ್, ಅಂದರೆ ಕೆಸರು ಮತ್ತು ಹಿಮ ಅನ್ನುವ ಗುರುತು. ಆಲ್ ಸೀಸನ್, ವರ್ಷವಿಡೀ ಓಡಿಸುವ ಸಾಮಾನ್ಯ ಟೈರ್. 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ನದಿ ದಾಟಿದರೆ ಕ್ವಿಬೆಕ್. ಅಲ್ಲಿ ನೋಂದಾಯಿಸಿದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ನಮ್ಮ ಒಂಟಾರಿಯೋದಲ್ಲಿ ಇಲ್ಲ. ಹಾಗಾಗಿ ಇಲ್ಲಿಂದ ತೆಗೆದ ಬಾಡಿಗೆ ವ್ಯಾನ್ ಅಲ್ಲಿನ ಬೆಟ್ಟದ ತಿರುವುಗಳಲ್ಲಿ ಹೀಗೇ ಓಡಬಹುದು. ಕಾನೂನಿನ ತಕರಾರಿಲ್ಲ. ಮಂಜುಗಡ್ಡೆಗೆ ನಂಬರ್ ಪ್ಲೇಟ್ ಓದಲು ಬರಲ್ಲ, ಅಷ್ಟೆ.

ಓಡಿಸುವವನು ದಾವಣಗೆರೆ ಕಡೆಯ ಹುಡುಗ. ಒಳ್ಳೆ ಡ್ರೈವರೇ. ಆದರೆ ಬ್ಲ್ಯಾಕ್ ಐಸ್, ರಸ್ತೆ ಮೇಲೆ ಕೂರುವ ತೆಳು ಪಾರದರ್ಶಕ ಮಂಜುಗಡ್ಡೆ, ಕಂಡವನಲ್ಲ. ಅದು ಕಣ್ಣಿಗೆ ಕಾಣುವುದೂ ಇಲ್ಲ, ರಸ್ತೆ ಸುಮ್ನೆ ಒದ್ದೆಯಾದ ಹಾಗಿರುತ್ತದೆ. 'ಮುಂದಿನ ಗಾಡಿ ಚಕ್ರದಿಂದ ನೀರು ಎರಚ್ತಿಲ್ಲ ಅಂದ್ರೆ ಅದು ನೀರಲ್ಲ ಕಣಪ್ಪ. ಸೇತುವೆ ಮೇಲೆ ಇನ್ನೂ ಜಾಸ್ತಿ, ಕೆಳಗಿಂದಲೂ ಗಾಳಿ ಹೊಡೆಯುತ್ತೆ' ಅಂದೆ. 'ಸರಿ ಅಕ್ಕಾ' ಅಂದ. ಅವನಿಗೆ ಹೋಗಲು ಮನಸ್ಸಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಹಿಂದೆ ಆರು ಜನ ಹಾಡು ಹಾಕಿಕೊಂಡು ಕೂತಿರುವಾಗ ಬೇಡ ಅನ್ನಲು ಬಾಯಿ ಎಲ್ಲಿಂದ ಬರಬೇಕು? ಅಡ್ವಾನ್ಸ್ ಬೇರೆ ವಾಪಸ್ ಬರಲ್ಲ.

ನನಗೆ ನೆನಪಾಗುವುದು ಇದೇ ದೇಶದ ಇನ್ನೊಂದು ವ್ಯಾನ್. 2008ರ ಜನವರಿ 12, ನಡುರಾತ್ರಿ ಕಳೆದ ಹೊತ್ತು. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಬ್ಯಾಥರ್ಸ್ಟ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡ ಮಾಂಕ್ಟನ್‌ನಲ್ಲಿ ಆಡಿ 15 ಸೀಟಿನ ವ್ಯಾನಿನಲ್ಲಿ ವಾಪಸ್ ಬರುತ್ತಿತ್ತು. ಓಡಿಸುತ್ತಿದ್ದವರು ಕೋಚ್. ಊರು ಇನ್ನೇನು ಬಂತು ಅನ್ನುವಾಗ ವ್ಯಾನ್ ಜಾರಿ ಎದುರಿನ ಟ್ರಕ್ಕಿಗೆ ಹೊಡೆಯಿತು. ಏಳು ಹುಡುಗರು ಹೋದರು, ಕೋಚ್ ಅವರ ಹೆಂಡತಿಯೂ. ಆಮೇಲೆ ತನಿಖೆ ಮಾಡಿದರೆ ಸವೆದ ಆಲ್ ಸೀಸನ್ ಟೈರ್, ತುಕ್ಕು, ಬ್ರೇಕ್ ದೋಷ. ಆ ವ್ಯಾನ್ ತಪಾಸಣೆಯಲ್ಲಿ ಪಾಸೇ ಆಗುತ್ತಿರಲಿಲ್ಲವಂತೆ. ಆಮೇಲೆ ಶಾಲಾ ಮಕ್ಕಳಿಗೆ ಅಂಥ ವ್ಯಾನ್ ಬೇಡ ಅಂತ ಆ ಪ್ರಾಂತ್ಯ ನಿಷೇಧ ಹಾಕಿತು. ಆಮೇಲೆ.

'ಇಲ್ಲಿಯವರು ಹುಟ್ಟಿದಾಗಿಂದ ಇದರಲ್ಲೇ ಓಡಿಸ್ತಾರೆ, ನಿನ್ನ ಹಾಗೆ ಹೆದರಿದ್ರೆ ಏಪ್ರಿಲ್‌ವರೆಗೆ ಮನೇಲೇ ಕೂರಬೇಕು' ಅಂತ ನಮ್ಮ ಮನೆಯವರ ವಾದ. ಆ ಕೋಚೂ ಇಲ್ಲಿಯವರೇ ಅಲ್ವಾ? ಇಲ್ಲಿಯವರು ಇಂಥ ದಿನ ಶಾಲೆ ತೆರೆದಿದ್ದರೂ ಸ್ಕೂಲ್ ಬಸ್ ನಿಲ್ಲಿಸಿಬಿಡುತ್ತಾರೆ. ಅವರಿಂದ ಕಲಿಯುವುದಾದರೆ ಅದನ್ನು ಕಲಿಯಿರಿ.

ನನ್ನ ಮಗ ಈ ಟ್ರಿಪ್ಪಿನಲ್ಲಿಲ್ಲ. ಅದು ಗೊತ್ತಾದಾಗ ಮೊದಲು ಸಮಾಧಾನವಾಯಿತು, ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು. ಬೇರೆಯವರ ಮಕ್ಕಳ ಅಮ್ಮಂದಿರು ದಾವಣಗೆರೆ, ಹಾಸನದಲ್ಲಿ ಕೂತು ಹಿಮದ ಫೋಟೋ ಬರಲಿ ಅಂತ ಕಾಯುತ್ತಿದ್ದಾರೆ.

ತಲುಪಿದರಂತೆ. ಎರಡು ಗಂಟೆ ದಾರಿಗೆ ನಾಲ್ಕು ಗಂಟೆ. ತಲುಪಿದರಲ್ಲ, ಮತ್ತೇನು ಅಂತ ಕಾಮೆಂಟ್ ಹಾಕಬೇಡಿ, ಬೈಸಿಕೊಳ್ಳುತ್ತೀರಿ.

ಫೆಬ್ರವರಿಯಲ್ಲಿ ಕ್ವಿಬೆಕ್ ಸಿಟಿ ಪ್ಲಾನ್ ಇದೆಯಂತೆ. ಮಕ್ಕಳೇ, ಹತ್ತು ಡಾಲರ್ ಜಾಸ್ತಿ ಆದರೂ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮೇ ಬುಕ್ ಮಾಡಿ. ಬಸ್ಸಲ್ಲಿ ಹೋಗಿ. ವ್ಯಾನೇ ಬೇಕು ಅಂದರೆ ಚಳಿಗಾಲದ ಟೈರ್ ಕೇಳಿ ಪಡೆಯಿರಿ. ಓಡಿಸುವವನು ಬೇಡ ಅಂದ ದಿನ ಟ್ರಿಪ್ ಇಲ್ಲ, ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ಅಡ್ವಾನ್ಸ್ ಹೋದರೆ ನನ್ನ ಹತ್ತಿರ ಬನ್ನಿ, ನಾನು ಕೊಡ್ತೀನಿ. ನಮ್ಮ ಮನೆಯವರು ಇಷ್ಟು ಉದ್ದದ ಪೋಸ್ಟ್ ಕೊನೆವರೆಗೆ ಓದಲ್ಲ, ಆ ಧೈರ್ಯದಲ್ಲೇ ಹೇಳ್ತಿದ್ದೀನಿ.