ಸೂಕ್ಷ್ಮ ಅಳತೆ ಮಾಡುವ ಮೈಕ್ರೋಮೀಟರ್ ಕಿತ್ತುಕೊಂಡು ಕೆಂಪು ಡಬ್ಬಿಗೆ ಎಸೆಯುವುದು ಯಾವ ಸೀಮೆಯ ಆಡಿಟ್?

ನಮ್ಮಿಂದ ಪಿನ್ ಕೊಳ್ಳುವ ಗಾಡಿ ಕಂಪನಿಯ ಆಡಿಟರ್ ಬರೆದು ಹೋಗಿದ್ದು: ಮೇಜರ್ ಎನ್‌ಸಿ, ಅಂದರೆ ದೊಡ್ಡ ಲೋಪ ಅಂತೆ. ಅಳತೆ ಸರಿಯಿದೆ ಅಂತ ಪರೀಕ್ಷೆ (ಕ್ಯಾಲಿಬ್ರೇಶನ್) ಮಾಡಿಸಿದ್ದಕ್ಕೆ ಅಂಟಿಸುವ ಒಂದು ಸ್ಟಿಕ್ಕರ್‌ಗೆ. ಮಶೀನ್ ತಂಪು ಮಾಡುವ ಕೂಲೆಂಟ್‌ನಲ್ಲಿ ನೆನೆದು ಉದುರಿಹೋದ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಸ್ಟಿಕ್ಕರ್‌ಗೆ.

ಸಂಜೆಯಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ. ಮನೆಯಲ್ಲಿ ಎಲ್ಲರ ಮೇಲೂ ರೇಗಿ ಆಯಿತು. ಇನ್ನು ಉಳಿದಿರುವುದು ಇಲ್ಲಿ ಬರೆಯುವುದೊಂದೇ. ಹೊಸೂರಿನ ಕೈಗಾರಿಕಾ ಎಸ್ಟೇಟ್‌ಗಳಾದ ಸಿಡ್ಕೋದಲ್ಲೋ ಸಿಪ್ಕಾಟ್‌ನಲ್ಲೋ ಸಣ್ಣ ಶಾಪ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಎಷ್ಟು ಅರ್ಥವಾಗುತ್ತದೋ ಅಷ್ಟಾಗಲಿ.

ಆಡಿಟ್‌ಗೆ ಮುಂಚೆ ಆ ಕಂಪನಿ ನಮ್ಮ ಮಾಲು ರಿಜೆಕ್ಟ್ ಮಾಡಿದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ "ನಿಮ್ಮದೇ ಏನೋ ತಪ್ಪಿರಬೇಕು" ಅಂತ ಯಾರಾದರೂ ಶುರು ಮಾಡುತ್ತಾರೆ. ಡ್ರಾಯಿಂಗ್ ಬದಲಾಗಿದ್ದು ಅವರ ಕಡೆ. ಹೊಸ ಡ್ರಾಯಿಂಗ್ ನಮ್ಮ ಕೈಗೆ ಬಂದಿದ್ದು ಮಾಲು ಗಾಡಿ ಹತ್ತಿ ಹೋದ ಮೇಲೆ. ಮೇಲ್‌ನಲ್ಲಿ ತಾರೀಖು ಇದೆ, ಡೆಲಿವರಿ ಚಲನ್‌ನಲ್ಲೂ ತಾರೀಖು ಇದೆ. ಆದರೂ ತಪ್ಪಿಗೆ ಕಾರಣ, ಪರಿಹಾರ ಬರೆಯುವ 8ಡಿ ರಿಪೋರ್ಟ್ ನಾವೇ ಬರೆದುಕೊಟ್ಟೆವು. ಬರೆಯದಿದ್ದರೆ ಮುಂದಿನ ಷೆಡ್ಯೂಲ್ ಬರಲ್ಲ. ಅದರ ಬೆನ್ನಿಗೇ ಈ ಆಡಿಟ್.

ಆಡಿಟರ್ ಅತ್ತಿಬೆಲೆಯಲ್ಲಿ ಟ್ರಾಫಿಕ್ ಅಂತ ತಡವಾಗಿ ಬಂದರು. ಓಪನಿಂಗ್ ಮೀಟಿಂಗ್ ಬೇಡ, ನೇರ ಶಾಪ್ ಫ್ಲೋರ್‌ಗೇ ಹೋಗೋಣ ಅಂದರು. ಕಂಪ್ಯೂಟರ್‌ನಲ್ಲಿ ನಡೆಯುವ ಸಿಎನ್‌ಸಿ ಮಶೀನ್ ಹತ್ತಿರ ನಮ್ಮ ಹಿರಿಯ ಆಪರೇಟರ್ ನಿಂತಿದ್ದರು. ತಳಿ ಅನ್ನುವ ಊರಿನ ಕಡೆಯವರು. ಅಪ್ಪ ಶಾಪ್ ಶುರು ಮಾಡಿದ ಕಾಲದಿಂದ ಇದ್ದಾರೆ. ನನಗೂ ಶಾಪಿನ ಹುಡುಗರಿಗೂ ಅವರು ಮಾವ.

ಮಾವನ ಮೈಕ್ರೋಮೀಟರ್ ಬಗ್ಗೆ ಹೇಳಲೇಬೇಕು. ಅದನ್ನು ಇಡೋಕೆ ಒಂದು ಮರದ ಪೆಟ್ಟಿಗೆ ಮಾಡಿಸಿಕೊಂಡಿದ್ದಾರೆ. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಮೆತ್ತನೆ ಬಟ್ಟೆಯಲ್ಲಿ ಎರಡೂ ಮುಖ ಒರೆಸಿ ಝೀರೋ ನೋಡುತ್ತಾರೆ. ಅಳೆಯುವಾಗ ಬಿಗಿ ಹೆಚ್ಚಾಗದಂತೆ ತಡೆಯುವ ರಾಚೆಟ್ ಹಿಡಿದೇ ತಿರುಗಿಸುತ್ತಾರೆ. ಟಕ್ ಟಕ್ ಅಂದ ಮೇಲೆ ನಿಲ್ಲಿಸುತ್ತಾರೆ. ಹೊಸ ಹುಡುಗರು ಬಿಗಿಯಾಗಿ ತಿರುಗಿಸಿದರೆ ಕೈಯಿಂದ ತೆಗೆದುಕೊಂಡು ಮತ್ತೆ ತೋರಿಸಿಕೊಡುತ್ತಾರೆ. ಸಂಜೆ ಪೆಟ್ಟಿಗೆಗೆ ಇಡುವಾಗ ಎರಡು ಮುಖಗಳ ನಡುವೆ ಚೂರು ಸಂದು ಬಿಟ್ಟೇ ಇಡುತ್ತಾರೆ, ಒಂದಕ್ಕೊಂದು ತಾಗಬಾರದು ಅಂತ. ಇದನ್ನು ಯಾವ ಟ್ರೇನಿಂಗ್‌ನಲ್ಲೂ ನಾನು ಅವರಿಗೆ ಹೇಳಿಕೊಟ್ಟಿಲ್ಲ. ನನಗೇ ಅವರು ಹೇಳಿಕೊಟ್ಟಿದ್ದು.

ಆಡಿಟರ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಕ್ಯಾಲಿಬ್ರೇಶನ್ ಸ್ಟಿಕ್ಕರ್ ಎಲ್ಲಿ?"

"ಕೂಲೆಂಟ್‌ಗೆ ಬಿದ್ದೋಗೈತೆ ಸಾರ್. ನಂಬರು ಇಲ್ಲೇ ಕೊರ್ಸೈತೆ ನೋಡಿ. ಫೈಲ್ನಾಗೆ ಸರ್ಟಿಫಿಕೇಟ್ ಐತೆ."

"ಯಾರು ಕೊಟ್ಟಿದ್ದು ನಿಂಗೆ ಇದನ್ನ? ಓದೋಕೆ ಬರುತ್ತಾ ನಿಂಗೆ?"

ನಿಂಗೆ! ಅವರ ಮಗನಿಗಿಂತ ಚಿಕ್ಕ ವಯಸ್ಸು ಈ ಆಡಿಟರ್‌ಗೆ.

ನಾನು ಮಧ್ಯೆ ಬಂದು, ಸಾರ್, ಎರಡು ನಿಮಿಷ, ಫೈಲ್ ತರುತ್ತೇನೆ, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನ ಸರ್ಟಿಫಿಕೇಟ್ ಇದೆ, ಇನ್ನೂ ವ್ಯಾಲಿಡ್ ಇದೆ ಅಂದೆ. "ಫೈಲ್ ಬೇಡ. ನಾನು ಕಂಡಿದ್ದನ್ನು ಬರೆಯುತ್ತೇನೆ" ಅಂದರು. ಹೇಳಿ, ಮೈಕ್ರೋಮೀಟರ್‌ನ ಕೆಂಪು ಡಬ್ಬಿಗೆ ಹಾಕಿದರು. ಇಡಲಿಲ್ಲ, ಹಾಕಿದರು. ರಿಜೆಕ್ಟ್ ಆದ ಪಿನ್‌ಗಳು ಇರುವ ಕಬ್ಬಿಣದ ಡಬ್ಬಿ ಅದು. ಠಣ್ ಅಂತ ಸದ್ದಾಯಿತು. ಪಕ್ಕದ ಮಶೀನ್‌ನಲ್ಲಿದ್ದ ಹುಡುಗರು, ಒಡಿಶಾದಿಂದ ಬಂದ ಹೆಲ್ಪರ್‌ಗಳು, ಎಲ್ಲರೂ ತಿರುಗಿ ನೋಡಿದರು. ಮಾವ ಏನೂ ಮಾತಾಡಲಿಲ್ಲ. ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸುತ್ತಾ ನಿಂತರು. ಕೈ ಆಗಲೇ ಒಣಗಿತ್ತು, ಆದರೂ ಒರೆಸುತ್ತಲೇ ಇದ್ದರು.

ಅಷ್ಟಕ್ಕೇ ಬಿಡಲಿಲ್ಲ. "ಕ್ವಾಲಿಟಿ ಪಾಲಿಸಿ ಹೇಳು ನೋಡೋಣ" ಅಂದರು. ಅದು ಗೋಡೆ ಮೇಲೆ ಇಂಗ್ಲಿಷಿನಲ್ಲಿ ಇದೆ, ಅವರ ಕಂಪನಿ ಕೇಳಿದ ಹಾಗೇ ಬರೆಸಿದ್ದು. ಮಾವ ಗೋಡೆ ಕಡೆ ನೋಡಿದರು. ಇವರು ನಗುತ್ತಾ ನೋಟ್ ಮಾಡಿಕೊಂಡರು.

ಆ ನಗು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ರಿಪೋರ್ಟ್‌ನಲ್ಲಿ ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001ರ 7.1.5.2ನೇ ಕಲಂ ಅಂತ ಬರೆದು ಹೋಗಿದ್ದಾರೆ. ಸಂಜೆ ಅದನ್ನು ತೆಗೆದು ಸಾಲು ಸಾಲಾಗಿ ಓದಿದೆ. ಅಳತೆ ಉಪಕರಣದ ಸ್ಥಿತಿ ಏನು ಅಂತ ಗೊತ್ತಾಗುವ ಹಾಗೆ ಗುರುತು ಇರಬೇಕು ಅಂತ ಇದೆ. ಸ್ಟಿಕ್ಕರ್ ಅಂಟಿಸಲೇಬೇಕು ಅಂತ ಎಲ್ಲೂ ಇಲ್ಲ. ಮೈಮೇಲೆ ನಂಬರ್ ಕೊರೆಸಿದೆ, ಆ ನಂಬರ್ ರಿಜಿಸ್ಟರ್‌ನಲ್ಲಿದೆ, ರಿಜಿಸ್ಟರ್‌ನಲ್ಲಿ ಮುಂದಿನ ಕ್ಯಾಲಿಬ್ರೇಶನ್ ತಾರೀಖು ಇದೆ. ಇನ್ನೇನು ಗುರುತು ಬೇಕು? ಸ್ಟಿಕ್ಕರ್ ಹೊಸದು ಹಾಕಿ ಅಂತ ಅಬ್ಸರ್ವೇಶನ್ ಬರೆದಿದ್ದರೆ ತುಟಿ ಪಿಟಕ್ ಅನ್ನದೆ ಸಹಿ ಹಾಕುತ್ತಿದ್ದೆ. ಮೈನರ್ ಅಂದಿದ್ದರೂ ಹೋಗಲಿ ಅನ್ನುತ್ತಿದ್ದೆ.

ಅದೇ 7.1.5.2ರಲ್ಲಿ ಮುಂದಿನ ಸಾಲು ಏನು ಗೊತ್ತಾ? ಅಳತೆ ಉಪಕರಣಕ್ಕೆ ಪೆಟ್ಟು ಬೀಳದಂತೆ, ಹಾಳಾಗದಂತೆ ಕಾಪಾಡಬೇಕು. ಅದನ್ನು ಕಬ್ಬಿಣದ ಡಬ್ಬಿಗೆ ಎಸೆದವರು ಯಾರು? ಆಡಿಟ್‌ಗೆ ಮುಂಚೆ ಆ ಮೈಕ್ರೋಮೀಟರ್ ಸರಿಯಾಗಿತ್ತು. ಈಗ ಅದನ್ನು ನಂಬುವ ಹಾಗಿಲ್ಲ. ನಿಖರ ಅಳತೆಯ ತುಂಡು, ಅಂದರೆ ಸ್ಲಿಪ್ ಗೇಜ್ ಹಾಕಿ ನೋಡಬೇಕು, ಮತ್ತೆ ಲ್ಯಾಬ್‌ಗೆ ಕಳಿಸಬೇಕು. ಅಲ್ಲಿಯವರೆಗೆ ಮಾವ ಬೇರೆಯವರ ಮೈಕ್ರೋಮೀಟರ್ ಕೇಳಿ ಕೆಲಸ ಮಾಡಬೇಕು. ದುಡ್ಡು ನಮ್ಮದು, ದಿನ ನಮ್ಮದು. ಎನ್‌ಸಿಯೂ ನಮ್ಮದೇ.

ಹಾಗಂತ ನನಗೆ ಆಡಿಟ್ ಬೇಡ ಅಂತಲ್ಲ. ಇದು ಮಾತ್ರ ಯಾರೂ ತಪ್ಪು ತಿಳಿಯಬೇಡಿ. ನಾವು ಮಾಡುವ ಪಿನ್ ಗಾಡಿಯೊಳಗೆ ಹೋಗುತ್ತದೆ. ಯಾರದೋ ಮನೆಯವರು ಆ ಗಾಡಿಯಲ್ಲಿ ಕೂರುತ್ತಾರೆ. ಚೆಕ್ ಮಾಡಲೇಬೇಕು, ಗಟ್ಟಿಯಾಗಿಯೇ ಮಾಡಬೇಕು. ಕಂಪನಿಯೇ ಗೊತ್ತು ಮಾಡಿದ ಪ್ಲೇಟಿಂಗ್ ಯೂನಿಟ್‌ನಲ್ಲಿ ಏನಾದರೂ ಕೆಟ್ಟರೂ ನಾವೇ ಹೊಣೆ ಅಂತ ವಾಹನ ಉದ್ಯಮದ ಮಾನದಂಡ ಐಎಟಿಎಫ್‌ನಲ್ಲಿದೆ. ಅದನ್ನೂ ಒಪ್ಪಿಕೊಂಡು ಕೆಲಸ ಮಾಡುತ್ತಿದ್ದೇವೆ.

ಇದೇ ಕಂಪನಿಯಿಂದ ಮುಂಚೆ ಒಬ್ಬರು ಮೇಡಂ ಬರುತ್ತಿದ್ದರು. ಆಗ ಪಾರ್ಟ್ಸ್ ತುಕ್ಕು ಹಿಡಿಯುತ್ತಿದೆ ಅಂತ ಕಂಪ್ಲೇಂಟ್ ಇತ್ತು. ಬಂದವರೇ ಮಾವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. "ಅಣ್ಣ, ನಿಮಗೆ ಏನನ್ನಿಸುತ್ತೆ?" ಅಂತ ಕೇಳಿದರು. ಮಾವ ತಾವಾಗಿಯೇ ಹೇಳಿದರು, ಸೋಮವಾರ ಬೆಳಿಗ್ಗೆ ನೀರು ಜಾಸ್ತಿ ಸೇರಿಸುತ್ತಾರೆ, ಕೂಲೆಂಟ್ ತೆಳ್ಳಗಾಗುತ್ತೆ ಅಂತ. ಮೇಡಂ ಕೂಲೆಂಟ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಒಂದು ಹನಿ ಹಾಕಿ ನೋಡಿದರು. ಹೌದು, ತೆಳ್ಳಗಿತ್ತು. ವಾರಕ್ಕೊಮ್ಮೆ ನೋಡುತ್ತಿದ್ದದ್ದು ದಿನಾ ನೋಡುವ ಹಾಗಾಯಿತು. ತುಕ್ಕಿನ ಕಂಪ್ಲೇಂಟ್ ನಿಂತಿತು. ಅವರೂ ಎನ್‌ಸಿ ಬರೆದರು, ಬರೆಯದೆ ಬಿಡಲಿಲ್ಲ. ಆದರೆ ಯಾರ ಮುಖವೂ ಕೆಳಗೆ ಹೋಗಲಿಲ್ಲ. ಆ ಮೇಡಂ ಈಗ ಬೇರೆ ಕಂಪನಿಯಲ್ಲಿದ್ದಾರೆ.

ನನ್ನ ಸಂಕಟ ಇರುವುದೇ ಇಲ್ಲಿ. ಆವತ್ತು ಮಾವ ಬಾಯಿ ಬಿಟ್ಟು ಹೇಳಿದ್ದಕ್ಕೆ ತೊಂದರೆ ಸಿಕ್ಕಿತು. ಇನ್ನು ಮುಂದೆ ಹೇಳುತ್ತಾರಾ? ಈ ಆಡಿಟರ್ ಹೋದ ಮೇಲೆ ಮಾವ ನನಗೆ ಅಂದ ಮಾತು ಇಷ್ಟೇ: "ಮುಂದ್ಲ ಸಲ ಬಂದಾಗ ಎಲ್ಲಾ ಒಳಗಿಟ್ಬುಡ್ತೀನಿ ಬುಡಪ್ಪ." ಲೋಹ ಕತ್ತರಿಸುವ ಇನ್‌ಸರ್ಟ್ ಸವೆದು ಸೈಜ್ ತಪ್ಪುತ್ತಿದೆ ಅಂತ ತಾವೇ ಮಶೀನ್ ನಿಲ್ಲಿಸಿ ಬಂದು ಹೇಳುವ ಮನುಷ್ಯ ಅದು. ಅವರಿಗೆ ಬಚ್ಚಿಡುವುದನ್ನು ಕಲಿಸಿ ಹೋದರು. ಅದನ್ನು ನೋಡುತ್ತಾ ನಿಂತಿದ್ದ ಹುಡುಗರಿಗೂ ಕಲಿಸಿ ಹೋದರು. ಕಂಪನಿಗೆ ಇದರಿಂದ ಲಾಭವಾಯಿತಾ? ಮುಂದಿನ ಸಲ ಅವರಿಗೆ ಸಿಗುವುದು ಗುಡಿಸಿ ಬಣ್ಣ ಬಳಿದ ಶಾಪ್, ಸಹಿ ಹಾಕಿದ ಚೆಕ್‌ಶೀಟ್, ಬಾಯಿಪಾಠ ಮಾಡಿದ ಕ್ವಾಲಿಟಿ ಪಾಲಿಸಿ.

ಆಡಿಟ್ ಮಾಡುವುದು ಹೇಗೆ ಅನ್ನೋಕೇ ಐಎಸ್‌ಒ 19011 ಅಂತ ಇದೆ. ನ್ಯಾಯವಾಗಿ ವರದಿ ಮಾಡಬೇಕು, ಪುರಾವೆ ನೋಡಿ ತೀರ್ಮಾನ ಮಾಡಬೇಕು ಅನ್ನುತ್ತದೆ. ಆಡಿಟರ್‌ಗೂ ನಮಗೂ ಅಭಿಪ್ರಾಯ ಸೇರದಿದ್ದರೆ ಕೂತು ಮಾತಾಡಬೇಕು, ಬಗೆಹರಿಯದಿದ್ದರೆ ಹಾಗಂತ ದಾಖಲು ಮಾಡಬೇಕು ಅಂತಲೂ ಇದೆ. ಫೈಲ್ ಬೇಡ ಅಂದವರು ಯಾವ ಪುರಾವೆ ನೋಡಿದರು? ಕ್ಲೋಸಿಂಗ್ ಮೀಟಿಂಗ್‌ನಲ್ಲಿ ನಾನು ಒಪ್ಪಲ್ಲ ಅಂದೆ. ರಿಪೋರ್ಟ್‌ನಲ್ಲಿ ಆ ಮಾತೇ ಇಲ್ಲ. ಸಪ್ಲೈಯರ್ ಆಡಿಟ್‌ಗೆ ಕಳಿಸುವವರಿಗೆ ತಾವು ನೋಡುವ ಪ್ರೋಸೆಸ್ ಗೊತ್ತಿರಬೇಕು ಅಂತ ಐಎಟಿಎಫ್ 16949ರ 7.2.4 ಹೇಳುತ್ತದೆ. ಅದರಲ್ಲೇ 8.4.2.5ರಲ್ಲಿ ಸಪ್ಲೈಯರ್‌ನ ಬೆಳೆಸುವ ಕೆಲಸವೂ ಕಂಪನಿಯದ್ದು ಅಂತ ಇದೆ. ಮಾರ್ಕ್ಸ್ ಕೊಟ್ಟು ಹೋದರೆ ಮುಗಿಯಿತು ಅಂತಿಲ್ಲ. ಏನು ಬೇಕು ಅಂತ ಸಪ್ಲೈಯರ್‌ಗೆ ಸರಿಯಾಗಿ ತಿಳಿಸುವುದು ಕೊಳ್ಳುವವರ ಹೊಣೆ, 9001ರ 8.4.3 ಓದಿ. ಆ ಡ್ರಾಯಿಂಗ್ ತಡವಾಗಿದ್ದಕ್ಕೆ ಅವರ ಕಡೆ ಯಾರಿಗೆ ಎನ್‌ಸಿ ಬಂತು?

ದುಡ್ಡಿನ ವಿಷಯ ಎತ್ತಬಾರದು ಅಂದುಕೊಂಡಿದ್ದೆ, ತಡೆಯೋಕೆ ಆಗುತ್ತಿಲ್ಲ. ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯಿದೆ 2006ರದ್ದು. ಒಪ್ಪಂದ ಏನೇ ಇರಲಿ, ಸಣ್ಣ ಸಪ್ಲೈಯರ್‌ಗೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದರು, ಗಡುವು ಮೀರಿದ ಬಾಕಿಯನ್ನು ಕೊಟ್ಟ ವರ್ಷವೇ ಖರ್ಚು ಅಂತ ತೋರಿಸಬೇಕು. ನಮ್ಮ ಬಿಲ್ ಎಷ್ಟು ದಿನದಿಂದ ನಿಂತಿದೆ ಅಂತ ಆ ಆಡಿಟ್ ಚೆಕ್‌ಲಿಸ್ಟ್‌ನಲ್ಲಿ ಒಂದು ಪ್ರಶ್ನೆ ಇದೆಯಾ? ಬಾಕಿ ಹಣಕ್ಕೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಿ ಅಂತ ಸಲಹೆ ಕೊಡುವವರಿಗೆ ಕೈ ಮುಗಿಯುತ್ತೇನೆ. ದೂರು ಕೊಟ್ಟ ಮೇಲೂ ಅದೇ ಕಂಪನಿ ಆರ್ಡರ್ ಕೊಡುತ್ತದಾ, ಹೇಳಿ.

ವೆಂಡರ್ ಮೀಟ್‌ಗೆ ಹೋದರೆ ಟೊಯೊಟಾ ಕಥೆ ಹೇಳುತ್ತಾರೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನ ಪಿ-ವಾಲ್ವ್ ಹೆಚ್ಚುಕಮ್ಮಿ ಎಲ್ಲಾ ಅಲ್ಲಿಂದಲೇ ಬರುತ್ತಿತ್ತು. ಟೊಯೊಟಾ ಲೈನ್‌ಗಳು ನಿಂತುಹೋದವು. ಆಗ ಬೇರೆ ಬೇರೆ ಸಪ್ಲೈಯರ್‌ಗಳು ತಮ್ಮ ಶಾಪ್‌ಗಳಲ್ಲೇ ಆ ವಾಲ್ವ್ ಮಾಡಿಕೊಟ್ಟರು. ವಾರದ ಆಸುಪಾಸಿನಲ್ಲಿ ಲೈನ್ ಮತ್ತೆ ಓಡಿತು. ಇದನ್ನು ಸ್ಕ್ರೀನ್ ಮೇಲೆ ತೋರಿಸಿ "ಪಾರ್ಟ್‌ನರ್‌ಶಿಪ್ ಅಂದರೆ ಇದು" ಅನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ಸಪ್ಲೈಯರ್‌ಗಳು ರಾತ್ರಿ ಹಗಲು ಯಾಕೆ ದುಡಿದರು ಅಂತ ಯೋಚನೆ ಮಾಡಿದ್ದಾರಾ? ನಾಳೆ ಇವರ ಲೈನ್ ನಿಂತರೆ ಭಾನುವಾರ ಬಂದು ಮಶೀನ್ ಹಾಕುವುದು ಯಾರು? ಮಾವನೇ ಅಲ್ವಾ? ಹಿಂದೆ ಹಾಕಿದ್ದಾರೆ ಕೂಡ. ದೀಪಾವಳಿಗೆ ಊರಿಗೆ ಹೋಗದೆ ನಿಂತು ಲಾಟ್ ಮುಗಿಸಿಕೊಟ್ಟಿದ್ದಾರೆ. ಆವತ್ತು ಯಾರೂ ಅವರಿಗೆ ಓದೋಕೆ ಬರುತ್ತಾ ಅಂತ ಕೇಳಲಿಲ್ಲ.

ಇಷ್ಟೆಲ್ಲಾ ಬರೆದು ಏನಾಗುತ್ತದೆ? ಏನೂ ಆಗಲ್ಲ. ನಾಳೆ ಬೆಳಿಗ್ಗೆ ಎಣ್ಣೆಗೆ ಏಳದ ಸ್ಟಿಕ್ಕರ್ ತರಿಸುತ್ತೇನೆ, ಎಲ್ಲಾ ಗೇಜ್‌ಗೂ ಅಂಟಿಸಿ ಫೋಟೋ ತೆಗೆದು ಕಳಿಸುತ್ತೇನೆ. ಕಂತು ಕಟ್ಟಬೇಕು, ಸಂಬಳ ಕೊಡಬೇಕು. ಈ ಒಂದು ಗಿರಾಕಿ ಹೋದರೆ ಎರಡು ಮಶೀನ್ ನಿಲ್ಲುತ್ತವೆ. ಇಲ್ಲ, ಇಷ್ಟು ಸುಲಭವಾಗಿ ಬಿಡಲ್ಲ. ಸ್ಟಿಕ್ಕರ್ ಅಂಟಿಸುತ್ತೇನೆ, ಆದರೆ ಮೇಜರ್ ಅಂತ ಸಹಿ ಹಾಕಲ್ಲ. ಸರ್ಟಿಫಿಕೇಟ್, ರಿಜಿಸ್ಟರ್ ಪುಟ, ಕೊರೆದ ನಂಬರಿನ ಫೋಟೋ ಮೂರನ್ನೂ ಹಾಕಿ ಅವರ ಮೇಲಿನವರಿಗೇ ಮೇಲ್ ಮಾಡುತ್ತೇನೆ. ಲ್ಯಾಬ್ ಬಿಲ್ ಕೂಡ ಸೇರಿಸುತ್ತೇನೆ.

ದೊಡ್ಡ ಕಂಪನಿಗಳಲ್ಲಿ ಸಪ್ಲೈಯರ್ ಕ್ವಾಲಿಟಿ ನೋಡಿಕೊಳ್ಳುವ ಕನ್ನಡದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ದಯವಿಟ್ಟು ಯಾರಾದರೂ ಉತ್ತರ ಕೊಡಿ. ಆಡಿಟ್‌ನ ಮೊದಲ ಒಂದು ಗಂಟೆ ನಿಮ್ಮ ಕಡೆಯ ಬಾಕಿಗೇ ಇಡೋಕೆ ಏನು ಅಡ್ಡಿ? ತಡವಾದ ಡ್ರಾಯಿಂಗ್, ಕೊನೇ ಗಳಿಗೆಯಲ್ಲಿ ಬದಲಾದ ಷೆಡ್ಯೂಲ್, ನಿಂತ ಬಿಲ್, ಇವನ್ನೂ ನಿಮ್ಮದೇ ಫಾರ್ಮ್‌ನಲ್ಲಿ ಬರೆದು, ಯಾರು ಯಾವಾಗ ಸರಿ ಮಾಡುತ್ತಾರೆ ಅಂತ ಹೆಸರು ತಾರೀಖು ಹಾಕಿ. ನಮ್ಮ ಎನ್‌ಸಿಗೆ ಗಡುವು ಇದೆ, ನಿಮ್ಮದಕ್ಕೂ ಇರಲಿ. ಆಪರೇಟರ್ ಹತ್ತಿರ ಏನಾದರೂ ತಪ್ಪು ಕಂಡರೆ ಮೊದಲು ಅವರನ್ನೇ ಮರ್ಯಾದೆಯಿಂದ ಕೇಳಿ, ಪುರಾವೆ ನೋಡಿ, ಆಮೇಲೆ ಬರೆಯಿರಿ. ಇದಕ್ಕೆ ಖರ್ಚೇನೂ ಇಲ್ಲ.

ಇನ್ನೊಂದು ಕೇಳುವುದಿದೆ. ಆ ಆಡಿಟರ್ ಮತ್ತೆ ನಮ್ಮ ಶಾಪ್‌ಗೆ ಬಂದೇ ಬರುತ್ತಾರೆ, ಎನ್‌ಸಿ ಕ್ಲೋಸ್ ಮಾಡೋಕೆ. ಬಂದಾಗ ಮಾವನ ಮುಂದೆ ನಿಂತು "ಆವತ್ತು ಹಾಗೆ ಮಾತಾಡಬಾರದಿತ್ತು" ಅಂತ ಹೇಳಿಸೋಕೆ ನಾನು ಯಾರಿಗೆ ಬರೆಯಬೇಕು? ಪರ್ಚೇಸ್‌ಗಾ, ಕ್ವಾಲಿಟಿ ಹೆಡ್‌ಗಾ, ಎಚ್‌ಆರ್‌ಗಾ? ಗೊತ್ತಿದ್ದವರು ಹೇಳಿ. ಆ ಮೇಲ್ ಕೂಡ ನಾಳೆಯೇ ಕಳಿಸುತ್ತೇನೆ.