ಮೂಲ ದಾಖಲೆ

ಹೋದ ವರ್ಷ ನನಗೆ ಮೂಲವ್ಯಾಧಿ ಆಗಿತ್ತು. ಇದನ್ನು ಹೀಗೆ ಬರೆದುಕೊಳ್ಳಲು ನನಗೀಗ ಯಾವ ಸಂಕೋಚವೂ ಇಲ್ಲ. ಜಯನಗರದ ಒಂದು ಆಸ್ಪತ್ರೆಯಲ್ಲಿ ಆ ಸೋಮವಾರ ಬೆಳಿಗ್ಗೆ ಸಾಲು ಕುರ್ಚಿಗಳಲ್ಲಿ ಕುಳಿತಿದ್ದ ನಲವತ್ತು ಜನಕ್ಕೆ ಅದು ಆಗಲೇ ಗೊತ್ತಿದೆ. ಡಾಕ್ಟರ ಕೋಣೆಯ ಬಾಗಿಲಿಗೆ ಬಂದ ಸಿಸ್ಟರ್ ಚೀಟಿ ನೋಡಿ, "ಪೈಲ್ಸ್ ಯಾರದು? ಪೈಲ್ಸ್ ಬನ್ನಿ" ಎಂದು ಕೂಗಿದರು. ನಾನು ಏಳಲಿಲ್ಲ. ಇಷ್ಟು ಜನರಲ್ಲಿ ಇನ್ನೊಬ್ಬರಿಗಾದರೂ ಇರಬಾರದೇ, ಅವರು ಏಳಲಿ ಎಂದು ಕಾದೆ. ಯಾರೂ ಏಳಲಿಲ್ಲ. ಮೂರನೆಯ ಸಲ ಹೆಸರು, ವಯಸ್ಸು, ರೋಗ ಮೂರನ್ನೂ ಸೇರಿಸಿ ಕರೆದಾಗ ಪಕ್ಕದಲ್ಲಿದ್ದ ಅಜ್ಜಿ ನನ್ನ ಮೊಣಕೈ ಮುಟ್ಟಿ, "ಹೋಗಪ್ಪಾ, ನಮ್ಮ ಯಜಮಾನರಿಗೂ ಇತ್ತು. ಮಜ್ಜಿಗೆ ಚೆನ್ನಾಗಿ ಕುಡಿ" ಎಂದರು.

ಅದಕ್ಕೂ ಮೊದಲು ಕೌಂಟರಿನಲ್ಲಿ ನೋಂದಣಿಯಾಗಿತ್ತು. ಸರ್ಕಾರದ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ಒಂದೇ ನಿಮಿಷ, ಮಾಡಿಕೊಡುತ್ತೇವೆ ಎಂದರು. ಮೊಬೈಲಿಗೆ ಒಟಿಪಿ ಬಂತು. "ಇದನ್ನು ಯಾರಿಗೂ ಹೇಳಬೇಡಿ" ಎಂದು ಅದರಲ್ಲೇ ಬರೆದಿತ್ತು. "ಸ್ವಲ್ಪ ಜೋರಾಗಿ ಹೇಳಿ ಸಾರ್, ಗಾಜು ಅಡ್ಡ ಇದೆಯಲ್ಲ, ಕೇಳಿಸುವುದಿಲ್ಲ" ಎಂದಳು ಹುಡುಗಿ. ನಾನು ಜೋರಾಗಿ ಹೇಳಿದೆ. ನನ್ನ ಹಿಂದೆ ನಿಂತಿದ್ದವರು, ಅವಳಿಗೆ ಇನ್ನೂ ಕೇಳಿಸಿಲ್ಲವೆಂದು ತಿಳಿದು, ಪರೋಪಕಾರಕ್ಕಾಗಿ ಇನ್ನೊಮ್ಮೆ ಹೇಳಿದರು. ಆಮೇಲೆ ಆರು ಪುಟದ ಇಂಗ್ಲಿಷ್ ಕಾಗದ ಬಂತು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯೆಲ್ಲ ಸಹಿ. ಏನಿದು ಎಂದೆ. "ಪ್ರೈವಸಿ ಸಾರ್" ಎಂದಳು, ಪಕ್ಕದ ಕೌಂಟರಿನ ಮಾತ್ರೆಯ ಬಿಲ್ಲು ಇದು ಎನ್ನುವಷ್ಟು ಸಲೀಸಾಗಿ. ಕನ್ನಡದಲ್ಲಿ ಇದೆಯೇ ಎಂದು ಕೇಳಿದೆ. ಕನ್ನಡದ್ದು ಪ್ರಿಂಟಿಗೆ ಹೋಗಿದೆಯಂತೆ. ಈ ಊರಿನಲ್ಲಿ ಕನ್ನಡದ್ದೆಲ್ಲ ಸದಾ ಪ್ರಿಂಟಿಗೆ ಹೋಗಿರುತ್ತದೆ.

ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ. ಹೆಂಡತಿ ಮೈಸೂರಿನಲ್ಲಿ ತವರುಮನೆಯಲ್ಲಿದ್ದಳು. ಸುಮ್ಮನೆ ಗಾಬರಿ ಯಾಕೆಂದು ಹೇಳಿರಲಿಲ್ಲ. ಗಾಬರಿಗಿಂತಲೂ ಅವಳ ತಮ್ಮಂದಿರ ನಗೆಯ ಚಿಂತೆ ಹೆಚ್ಚಾಗಿತ್ತು, ಅದು ಬೇರೆ ಮಾತು. ಅವಳು ಬಂದ ಮರುದಿನ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಮೊಬೈಲಿಗೆ ಒಂದು ಕರೆ. ಮೂಲವ್ಯಾಧಿಗೆ ಲೇಸರ್ ಚಿಕಿತ್ಸೆ, ನೋವಿಲ್ಲ, ಬಡ್ಡಿಯಿಲ್ಲದ ಕಂತು, ನಿಮ್ಮ ಯಜಮಾನರಿಗೆ ಈಗ ಹೇಗಿದೆ ಮೇಡಂ ಎಂದು ಒಬ್ಬ ಹುಡುಗ ಬಹಳ ಕಳಕಳಿಯಿಂದ ವಿಚಾರಿಸಿದನಂತೆ. ಟವೆಲು ಸುತ್ತಿಕೊಂಡು ಹೊರಗೆ ಬಂದರೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಆ ದಿನ ಮಧ್ಯಾಹ್ನ, ಊಟ ಸರಿಯಾಗಿ ಸಿಕ್ಕದ ಸಿಟ್ಟಿನಲ್ಲಿ, ನಾನು ಕಾನೂನು ಓದಲು ಕುಳಿತೆ. ಸರಿಯಾಗಿ ಹೇಳಬೇಕೆಂದರೆ ದಿಂಬಿನ ಮೇಲೆ ಕುಳಿತೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಓದಿ ನನಗೆ ರೋಮಾಂಚನವಾಯಿತು. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿ ಮುಖ್ಯೋಪಾಧ್ಯಾಯನೂ ಆಗದೆ ನಿವೃತ್ತನಾದ ನನ್ನನ್ನು ಈ ಕಾಯ್ದೆ ಒಂದೇ ಏಟಿಗೆ ಪ್ರಿನ್ಸಿಪಾಲ್ ಮಾಡಿದೆ. ಯಾರ ಮಾಹಿತಿಯೋ ಅವರು ಡೇಟಾ ಪ್ರಿನ್ಸಿಪಾಲ್. ಅದನ್ನು ಇಟ್ಟುಕೊಂಡ ಆಸ್ಪತ್ರೆ ಡೇಟಾ ಫಿಡ್ಯೂಷಿಯರಿ, ಎಂದರೆ ನಂಬಿ ಕೊಟ್ಟದ್ದನ್ನು ಕಾಪಾಡಬೇಕಾದವರು. ಇಷ್ಟೇ ಅಲ್ಲ, ಕಾಯ್ದೆಯ ಉದ್ದಕ್ಕೂ ನಾನು ಗಂಡಸಲ್ಲ, ಹೆಂಗಸು. ಯಾವ ಲಿಂಗದವರಾದರೂ ಇಲ್ಲಿ ಎಲ್ಲರಿಗೂ "ಅವಳು" ಎಂದೇ ಬರೆದಿದ್ದಾರೆ. ಒಳ್ಳೆಯ ಕೆಲಸ, ನನ್ನ ತಕರಾರಿಲ್ಲ. ಹೆಂಡತಿಗೆ ಓದಿ ಹೇಳಿದೆ. "ಹಾಗಾದರೆ ಪ್ರಿನ್ಸಿಪಾಲಮ್ಮನವರೇ, ಪಾತ್ರೆ ತೊಳೆದಿಡಿ" ಎಂದಳು.

ಆದರೆ ಮುಂದೆ ಓದಿದಂತೆ ಪ್ರಿನ್ಸಿಪಾಲರ ಅಧಿಕಾರ ಎಷ್ಟೆಂದು ತಿಳಿಯಿತು. ಹುರುಳಿಲ್ಲದ ದೂರು ಕೊಟ್ಟರೆ ಪ್ರಿನ್ಸಿಪಾಲರಿಗೆ 10,000 ರೂಪಾಯಿಯವರೆಗೆ ದಂಡ. ಭದ್ರತೆ ಸರಿಯಾಗಿಟ್ಟುಕೊಳ್ಳದೆ ಮಾಹಿತಿ ಸೋರಿಸಿದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ. ಎರಡನೆಯದನ್ನು ಓದಿದಾಗ ನಾನು ಮನಸ್ಸಿನಲ್ಲೇ ಬನಶಂಕರಿಯ ಕಡೆ ಒಂದು ಸೈಟು ನೋಡಿಬಿಟ್ಟಿದ್ದೆ. ಇನ್ನೊಂದು ಪುಟ ತಿರುವಿದೆ. ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಸೋರಿದ್ದು ನನ್ನ ಗುಟ್ಟು, ತುಂಬುವುದು ಅವರ ಬೊಕ್ಕಸ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 43ಎ ಎಂಬ ಒಂದು ಸೆಕ್ಷನ್ ಇತ್ತು, ಸಂಸ್ಥೆಯ ಅಜಾಗರೂಕತೆಯಿಂದ ನಷ್ಟವಾದವನು ಪರಿಹಾರ ಕೇಳಲು ಅದರಲ್ಲಿ ದಾರಿಯಿತ್ತು. ಹೊಸ ಕಾಯ್ದೆ ಅದನ್ನು ಕಿತ್ತುಹಾಕುವ ಏರ್ಪಾಡನ್ನೂ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ವೈದ್ಯ. ಹೊಸ ವೈದ್ಯದಲ್ಲಿ ಜ್ವರವೂ ಬರೆಯೂ ಎತ್ತಿಗೇ, ಹಿಂಡಿ ಬೂಸಾ ಮಾತ್ರ ಎಮ್ಮೆಗೆ.

ಇನ್ನೊಂದು ಸಂಗತಿ. 2011ರ ಹಳೆಯ ನಿಯಮಗಳಲ್ಲಿ ವೈದ್ಯಕೀಯ ದಾಖಲೆಗೆ ಸೂಕ್ಷ್ಮ ಮಾಹಿತಿ ಎಂಬ ಬೇರೆ ಎಲೆ ಹಾಕಿದ್ದರು. 2023ರ ಕಾಯ್ದೆಯಲ್ಲಿ ಪಂಕ್ತಿಭೇದವಿಲ್ಲ. ನನ್ನ ಚಪ್ಪಲಿಯ ಅಳತೆಯೂ ನನ್ನ ಮೂಲವ್ಯಾಧಿಯೂ ಒಂದೇ ಸಾಲಿನಲ್ಲಿ ಕುಳಿತು ಊಟ ಮಾಡುತ್ತವೆ.

ಆರೋಗ್ಯದ ಮಾಹಿತಿಗೆಂದೇ ಪ್ರತ್ಯೇಕ ಕಾನೂನು ಮಾಡಲು ಹೊರಟಿದ್ದೂ ಉಂಟು. ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚಿನಲ್ಲಿ ಒಂದು ಕರಡು ಹೊರಡಿಸಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಹೆಕ್ಕಿ ಪೋಣಿಸಿ "ದಿಶಾ" ಎಂದು ಮುದ್ದಾದ ಹೆಸರನ್ನೂ ಇಟ್ಟರು. ನಮ್ಮಲ್ಲಿ ಮಗು ಹುಟ್ಟುವ ಮೊದಲು ಹೆಸರಿಡಬಾರದು ಎನ್ನುತ್ತಾರೆ. ದಿಕ್ಕು ಎಂಬ ಹೆಸರು ಹೊತ್ತ ಆ ಮಸೂದೆ ದಿಕ್ಕಿಲ್ಲದೆ ಹೋಯಿತು.

ಈ ಗುಟ್ಟಿನ ಹಕ್ಕಿಗಾಗಿ ಹೋರಾಡಿದವರು ನಮ್ಮ ಊರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೌದು ಎಂದರು. ಅಲ್ಲಿಂದ ಕಾಯ್ದೆಯಾಗಲು ಆರು ವರ್ಷ. ಕಾಯ್ದೆಗೆ ನಿಯಮ ಬರಲು 2025ರ ನವೆಂಬರ್. ಆ ನಿಯಮಗಳಲ್ಲಿ ಮುಖ್ಯವಾದವು ಜಾರಿಯಾಗಲು ಅಲ್ಲಿಂದ ಮತ್ತೆ ಹದಿನೆಂಟು ತಿಂಗಳು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲೇ ತೀರಿಕೊಂಡರು. ನಡುವೆ, ತೀರ್ಪು ಬಂದು ಮೂರು ವರ್ಷವೂ ಆಗಿರಲಿಲ್ಲ, ಕೊರೊನಾ ಬಂದಾಗ ಅವರದೇ ರಾಜ್ಯದ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಜಾಲತಾಣಕ್ಕೆ ಹಾಕಿ ಊರಿಗೆಲ್ಲ ಹಂಚಿತು. ಕೈಗೆ ಮುದ್ರೆ ಒತ್ತಿತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಿ ಎಂದಿತು. ನಮ್ಮ ಬೀದಿಯ ಕೊನೆಯ ಮನೆಯವರು ಆ ಹದಿನಾಲ್ಕು ದಿನದಲ್ಲಿ ತೆಗೆದುಕೊಂಡಷ್ಟು ಫೋಟೊ ತಮ್ಮ ಮದುವೆಯಲ್ಲೂ ತೆಗೆಸಿಕೊಂಡಿರಲಿಲ್ಲ.

ಇರಲಿ. ನನ್ನ ಕಥೆಗೆ ಬರುತ್ತೇನೆ.

ಈ ವರ್ಷ ಮತ್ತೆ ತೊಂದರೆ ಕಾಣಿಸಿಕೊಂಡಿತು. ಹೊಸ ಡಾಕ್ಟರ ಹತ್ತಿರ ಹೋದೆ. ಹಳೆಯ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ತನ್ನಿ ಎಂದರು. ಮನೆಯಲ್ಲಿ ಹುಡುಕಿದೆ, ಸಿಗಲಿಲ್ಲ. ನನ್ನ ಹೆಂಡತಿ ಪ್ರಕಾರ ಅದನ್ನು ನಾನೇ ಎಲ್ಲೋ ಜೋಪಾನವಾಗಿಟ್ಟಿದ್ದೇನೆ, ಆದ್ದರಿಂದ ಇನ್ನು ಸಿಗುವುದಿಲ್ಲ. ಹಳೆಯ ಆಸ್ಪತ್ರೆಗೆ ಹೋದೆ.

ದಾಖಲೆ ವಿಭಾಗ ನೆಲಮಾಳಿಗೆಯಲ್ಲಿದೆ. ಅದರ ಪಕ್ಕದಲ್ಲೇ ಸರ್ವರ್ ಕೋಣೆ. ಬಾಗಿಲು ಉಕ್ಕಿನದು, ಬೆರಳಚ್ಚಿನ ಬೀಗ, "ಅನುಮತಿಯಿಲ್ಲದೆ ಪ್ರವೇಶವಿಲ್ಲ" ಎಂಬ ಕೆಂಪು ಫಲಕ. ಒಳಗೆ ಸೆಕೆಯೆಂದು ಬಾಗಿಲನ್ನು ಒಂದು ಆಮ್ಲಜನಕದ ಖಾಲಿ ಸಿಲಿಂಡರ್ ಒರಗಿಸಿ ತೆರೆದಿಟ್ಟಿದ್ದರು. ಆಯುಧಪೂಜೆ ಮುಗಿದು ವಾರವಾಗಿತ್ತು. ಹೊಸ್ತಿಲ ಎರಡು ಬದಿಗೂ ಒಡೆದ ಬೂದುಗುಂಬಳದ ಹೋಳು, ಅದರ ಹೊಟ್ಟೆಯಲ್ಲಿ ಒಣಗಿದ ಕುಂಕುಮ. ಒಳಗಿನ ಕಪ್ಪು ಪೆಟ್ಟಿಗೆಗಳಿಗೆ ಮೂರು ಪಟ್ಟೆ ವಿಭೂತಿ, ಮಿನುಗುವ ಹಸಿರು ದೀಪಗಳ ಮೇಲೆ ಬಾಡಿದ ಚೆಂಡುಹೂವಿನ ಹಾರ. ನಿಜ ಹೇಳುತ್ತೇನೆ, ನನಗೆ ಧೈರ್ಯ ಬಂತು. ಇಡೀ ಆಸ್ಪತ್ರೆಯಲ್ಲಿ ಈ ಭದ್ರತೆಗೆಂದು ಯಾರಾದರೂ ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ ಎಂದು ಕಾಣುತ್ತಿತ್ತು.

ಕಿಟಕಿಯ ಹಿಂದಿದ್ದ ಗುಮಾಸ್ತರು ತಲೆಯೆತ್ತದೆ, "ಮೂಲ ದಾಖಲೆ ತಂದಿದ್ದೀರಾ?" ಎಂದರು.

"ಅದನ್ನೇ ತೆಗೆದುಕೊಂಡು ಹೋಗಲು ಬಂದಿದ್ದೇನೆ ಸ್ವಾಮಿ."

"ಹಾಗಲ್ಲ. ಒರಿಜಿನಲ್ ಬಿಲ್ಲು, ಒರಿಜಿನಲ್ ಗುರುತಿನ ಚೀಟಿ. ಇಲ್ಲದಿದ್ದರೆ ಯಾರೆಂದು ತಿಳಿದು ಕೊಡುವುದು? ಈಗ ಕಾನೂನು ಬಂದಿದೆ ಸಾರ್. ಪ್ರೈವಸಿ."

ಆ ಮಾತು ನನಗೇ ಹೇಳಿದರು. ಗುರುತಿನ ಚೀಟಿ ತೋರಿಸಿದೆ. ನೋಂದಾಯಿಸಿದ ಮೊಬೈಲಿಗೆ ಒಟಿಪಿ ಬರಬೇಕು ಎಂದರು. ಆ ಲೇಸರ್ ಹುಡುಗರ ಕಾಟ ತಾಳಲಾರದೆ ನಾನು ಆ ನಂಬರನ್ನೇ ಬಿಟ್ಟಿದ್ದೆ. ಹಾಗಾದರೆ ಅರ್ಜಿ ಕೊಡಿ, ಆಡಳಿತಾಧಿಕಾರಿಗಳ ಒಪ್ಪಿಗೆ ಬರಲಿ, ಎರಡು ವಾರ ಬಿಟ್ಟು ವಿಚಾರಿಸಿ ಎಂದರು. ವೈದ್ಯಕೀಯ ಪರಿಷತ್ತಿನ 2002ರ ನಿಯಮ ನನಗೆ ಬಾಯಿಗೆ ಬರುತ್ತದೆ: ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹೇಳಿದೆ. ಗುಮಾಸ್ತರು ಕರುಣೆಯಿಂದ ನಕ್ಕು, "ಅದು ಹಳೆಯದು ಸಾರ್, ಆಗ ಕಂಪ್ಯೂಟರ್ ಎಲ್ಲಿತ್ತು?" ಎಂದರು. ಈ ಮಾತಾಡುವಾಗ ಅವರ ಕಂಪ್ಯೂಟರಿನ ಪರದೆ ನನ್ನ ಕಡೆಗೇ ತಿರುಗಿತ್ತು. ಅದರಲ್ಲಿ ಇನ್ಯಾರದೋ ಹೆಸರು, ಅವರ ಕ್ರಿಯಾಟಿನಿನ್ ಮಟ್ಟ. ನನ್ನದೊಂದು ಬಿಟ್ಟು ಬೇರೆ ಯಾರದು ಬೇಕಾದರೂ ಓದಬಹುದಿತ್ತು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಕಳ್ಳರು ನುಗ್ಗಿ, 1.3 ಟೆರಾಬೈಟ್ ಮಾಹಿತಿಗೆ ತಮ್ಮದೇ ಬೀಗ ಜಡಿದು ಹೋದರು. ನೋಂದಣಿ, ಪ್ರಯೋಗಾಲಯ, ಬಿಲ್ಲು ಎಲ್ಲವೂ ಸುಮಾರು ಎರಡು ವಾರ ಕೈಬರಹದಲ್ಲಿ ನಡೆಯಬೇಕಾಯಿತು. ಕಳ್ಳತನವೆಂದರೆ ಅಲ್ಲಿ ಆದದ್ದು ಇಷ್ಟೇ: ದಾಖಲೆ ಅಲ್ಲೇ ಇದೆ, ಬೇಕಾದವರಿಗೆ ಸಿಗುವುದಿಲ್ಲ, ಎರಡು ವಾರ. ನಮ್ಮ ಜಯನಗರದಲ್ಲಿ ಇದೇ ಕೆಲಸ ಕಳ್ಳರ ನೆರವಿಲ್ಲದೆ, ಕಚೇರಿ ವೇಳೆಯಲ್ಲಿ, ಅರ್ಜಿ ನಮೂನೆಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡು ನಡೆಯುತ್ತದೆ.

ಅರ್ಜಿಯ ಜೊತೆ ಗುರುತಿನ ಚೀಟಿಯ ಎರಡು ನಕಲು ಬೇಕಿತ್ತು. ರಸ್ತೆ ದಾಟಿ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಮೆಟ್ಟಿಲ ಕೆಳಗಿನ ಗೂಡು, ಒಬ್ಬ ಹುಡುಗ, ಒಂದು ಯಂತ್ರ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ವಾಟ್ಸಾಪ್ ನಂಬರ್. ಹೋದ ವರ್ಷ ವಿಮೆಯವರಿಗೆ ಕೊಡಲೆಂದು ನಾನು ರಿಪೋರ್ಟುಗಳನ್ನು ಪ್ರಿಂಟ್ ತೆಗೆಸಿದ್ದು ಇಲ್ಲೇ. ಆಸ್ಪತ್ರೆಗೆ ಬಂದವರೆಲ್ಲ ಆ ನಂಬರಿಗೇ ಕಳಿಸುತ್ತಾರೆ. ಹುಡುಗ ನನ್ನ ಮುಖ ನೋಡಿದ.

"ಹೋದ ವರ್ಷ ಬಂದಿದ್ದಿರಿ ಅಲ್ಲವೇ ಸಾರ್? ಹಬ್ಬದ ಹಿಂದಿನ ದಿನ."

ನನಗೆ ತಟ್ಟನೆ ಹೊಳೆಯಿತು. "ಆಗ ಕಳಿಸಿದ್ದು ಇದೆಯೇನಪ್ಪಾ?"

"ಇಲ್ಲದೆ ಎಲ್ಲಿ ಹೋಗುತ್ತದೆ ಸಾರ್?" ಅವನು ಪರದೆಯನ್ನು ಮೇಲಿನಿಂದ ಕೆಳಕ್ಕೆ ಸರಸರ ಜಾರಿಸಿದ. ಆಧಾರ್ ಕಾರ್ಡುಗಳು, ಖಾತಾ ಪತ್ರಗಳು, ಯಾರದೋ ಮೊಣಕಾಲಿನ ಎಕ್ಸ್‌ರೇ, ಯಾರದೋ ಜಾತಕ, ಬಸುರಿಯ ಸ್ಕ್ಯಾನ್, ವಿಚ್ಛೇದನದ ಅರ್ಜಿ, ಮತ್ತೆ ಮೊಣಕಾಲು. ಅಳಿಸುವುದಿಲ್ಲವೇ ಎಂದು ಕೇಳಿದೆ. "ಅಳಿಸಿದರೆ ನಾಳೆ ನೀವೇ ಬಂದು ಕೇಳುತ್ತೀರಿ ಸಾರ್." ಎಂಟು ಪುಟ, ಒಂದೂ ಕಡಿಮೆಯಿಲ್ಲದೆ, ಅರ್ಧ ನಿಮಿಷದೊಳಗೆ ಸಿಕ್ಕಿತು. ಒಟಿಪಿ ಕೇಳಲಿಲ್ಲ.

"ಬಣ್ಣದ್ದೋ, ಕಪ್ಪು ಬಿಳುಪೋ?" ಎಂದ.

ಕಪ್ಪು ಬಿಳುಪೇ ಸಾಕು ಎಂದೆ. ಯಂತ್ರ ಬಿಸಿಯಾಗುವವರೆಗೆ ಕುಳಿತುಕೊಳ್ಳಿ ಸಾರ್ ಎಂದು ಅವನು ಒಂದು ಸ್ಟೂಲನ್ನು ಕಾಲಿನಿಂದ ನನ್ನತ್ತ ತಳ್ಳಿದ. ಆಮೇಲೆ ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಏನೂ ಹೇಳದೆ ಹಿಂದಕ್ಕೆ ಎಳೆದುಕೊಂಡ.